ನೀರೂರಿನಲ್ಲೊಂದು ಪ್ಯಾಂಟು

ಡಚ್ ಕಲಿಯೋಕೆ ಶುರು ಮಾಡಿ ಎರಡನೇ ತಿಂಗಳು. ಗೊತ್ತಿದ್ದ ಪದ ಒಂದಿನ್ನೂರು ಇರಬಹುದು, ಅದರಲ್ಲಿ ಅರ್ಧ ತರಕಾರಿ, ಇನ್ನರ್ಧ ಬಟ್ಟೆ. ಆ ಭಾನುವಾರ ಎಡಾಮ್ ನೋಡಿಕೊಂಡು ಬರೋಣ ಅಂತ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್ ಸ್ಟೇಷನ್ನಿನ ಹಿಂದುಗಡೆ ಬಸ್ ಹತ್ತಿದೆವು. ಕಾಲು ಗಂಟೆ ಆಗಿರಬೇಕು, ಕಿಟಕಿಯಾಚೆ ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಊರಿನ ಹೆಸರು ಬಂತು: ಬ್ರೂಕ್ ಇನ್ ವಾಟರ್‌ಲಾಂಡ್. ನನಗೆ ಖುಷಿಯೋ ಖುಷಿ. ಒಂದು ಬೋರ್ಡು ಪೂರ್ತಿ ಅರ್ಥವಾಗಿದ್ದು ಅದೇ ಮೊದಲು. ಬ್ರೂಕ್ ಅಂದರೆ ಪ್ಯಾಂಟು! "ನೋಡೇ, ಈ ಊರಿನ ಹೆಸರು ನೀರುನಾಡಿನಲ್ಲಿ ಪ್ಯಾಂಟು" ಅಂದೆ ಹೆಂಡತಿಗೆ. ಅವಳು ಹೊರಗೆ ನೋಡಿದಳು. ರಸ್ತೆಯ ಎರಡೂ ಕಡೆ ಕಾಲುವೆ, ಕಾಲುವೆಯಾಚೆ ಹುಲ್ಲು, ಹುಲ್ಲಿನಾಚೆ ಮತ್ತೆ ನೀರು. "ಮಂಡಿವರೆಗೂ ಮಡಚಿಕೊಂಡು ಓಡಾಡ್ತಾರೇನೋ" ಅಂದಳು.

ಮುಂದಿನ ವಾರ ಕ್ಲಾಸಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿದೆ. ಟೀಚರ್ ನಕ್ಕು ನಕ್ಕು ಸುಸ್ತಾದರು. ಬ್ರೂಕ್ ಅನ್ನೋದು ಜೌಗು ನೆಲಕ್ಕೆ ಇದ್ದ ಹಳೆಯ ಪದವಂತೆ. ಮಾತಿನಿಂದ ಅದು ಯಾವತ್ತೋ ಹೋಯಿತು, ಊರ ಹೆಸರುಗಳಲ್ಲಿ ಮಾತ್ರ ಉಳಿಯಿತು, ಆ ಹೊತ್ತಿಗೆ ಅದೇ ಉಚ್ಚಾರದ ಪ್ಯಾಂಟು ಬಂದು ಜಾಗ ಹಿಡಿದುಕೊಂಡಿತು. ಉಟ್ರೆಕ್ಟಿಗೆ ಹೋಗೋ ದಾರಿಯಲ್ಲಿ ಬ್ರೋಕಲೆನ್ ಅಂತ ಒಂದು ಊರಿದೆ. ಅದೂ ಜೌಗೇ. ಡಚ್ಚರು 1646ರಲ್ಲಿ ಅಮೆರಿಕದಲ್ಲಿ ಒಂದು ಹಳ್ಳಿ ಕಟ್ಟಿ ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. 1664ರಲ್ಲಿ ಇಂಗ್ಲಿಷರು ಬಂದು ಅದನ್ನೆಲ್ಲ ಹಿಡಿದುಕೊಂಡ ಮೇಲೆ ಅದು ತಿರುಚಿ ತಿರುಚಿ ಬ್ರೂಕ್ಲಿನ್ ಆಯಿತು. ಪಕ್ಕದ ದೇಶದ ಬ್ರಸೆಲ್ಸ್ ಕೂಡ ಮೂಲದಲ್ಲಿ ಜೌಗಿನ ಮನೆ. ಯೂರೋಪಿನ ಅಷ್ಟೂ ದೊಡ್ಡ ಮನುಷ್ಯರು ಕೋಟು ಹಾಕಿಕೊಂಡು ಸಭೆ ಸೇರೋದು ಒಂದು ಕೆಸರಿನ ಹೆಸರಿನ ಮೇಲೆ!

ಅಲ್ಲಿಂದ ನನಗೆ ಈ ಚಟ ಹತ್ತಿತು. ಸೈಕಲ್ಲಿನಲ್ಲಿ ಹೋಗುವಾಗ, ಟ್ರೇನಿನಲ್ಲಿ ಕೂತಾಗ, ಯಾವ ಊರಿನ ಬೋರ್ಡು ಕಂಡರೂ ಬಿಡಿಸಿ ನೋಡೋದು. ಇಲ್ಲಿ ಸೈಕಲ್ಲಿನವರಿಗೆ ಅಂತಲೇ ದಾರಿಬದಿಯಲ್ಲಿ ಅಣಬೆ ಆಕಾರದ ಗಿಡ್ಡ ಕೈಮರಗಳಿವೆ, 1919ರಿಂದ ಇವೆ. ಹೆಸರು ಓದಬೇಕಾದರೆ ಬಗ್ಗಬೇಕು. ಮಳೆಯಲ್ಲಿ ಸೈಕಲ್ ನಿಲ್ಲಿಸಿ, ಅಣಬೆಯ ಮುಂದೆ ಬಗ್ಗಿ, ಒಂದು ಹೆಸರನ್ನು ಬಾಯಲ್ಲಿ ಹೊರಳಿಸುತ್ತಾ ನಿಂತಿರೋ ಮನುಷ್ಯನನ್ನು ನೀವು ಆ ಕಡೆ ನೋಡಿದ್ದರೆ ಅದು ಬಹುಶಃ ನಾನೇ.

ಡಚ್ಚರು ಊರಿಗೆ ಹೆಸರಿಡೋ ರೀತಿ ನಮ್ಮ ಸೈಟ್ ಎಂಜಿನಿಯರು ಡೈರಿ ಬರೆದ ಹಾಗೆ. ಏನು ಕೆಲಸ ಆಯಿತೋ ಅದೇ ಹೆಸರು. ಆಮ್‌ಸ್ಟೆಲ್ ಹೊಳೆಗೆ ಅಡ್ಡ ಕಟ್ಟೆ ಹಾಕಿದರು, ಆಮ್‌ಸ್ಟರ್‌ಡ್ಯಾಮ್. ರೊಟ್ಟೆ ಹೊಳೆಗೆ ಹಾಕಿದರು, ರೊಟರ್‌ಡ್ಯಾಮ್. ಸನ್ಯಾಸಿಗಳು ಕಟ್ಟಿದ್ದಕ್ಕೆ ಮೋನಿಕನ್‌ಡಾಮ್. ಒಂದು ಕಡೆ ಹೊಳೆಯ ಬಾಯಿಗೆ ಮಣ್ಣು ತುಂಬಿ ಮುಚ್ಚಿದರು. ಅದಕ್ಕೆ ಏನು ಹೆಸರು ಅಂತೀರಿ? ತುಂಬಿದ ಕಟ್ಟೆ, ಅಂದರೆ ಫೋಲನ್‌ಡಾಮ್. ಇವತ್ತು ಪ್ರವಾಸಿಗಳು ಅಲ್ಲಿ ಡಚ್ ವೇಷ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಹೆಸರು ಕಾಗದದ ಮೇಲೆ ಮೊದಲು ಬರೋದು 1275ರಲ್ಲಿ, ಅದೂ ಸುಂಕದ ವಿಷಯಕ್ಕೆ: ಆಮ್‌ಸ್ಟೆಲ್ ಕಟ್ಟೆಯ ಹತ್ತಿರ ಇರುವವರಿಗೆ ಹಾಲೆಂಡಿನ (ಆಗ ಅದು ಪಶ್ಚಿಮದ ಒಂದು ಸೀಮೆ ಮಾತ್ರ) ದೊರೆ ಕೌಂಟ್ ಐದನೇ ಫ್ಲೋರಿಸ್ ಸುಂಕ ಮಾಫಿ ಮಾಡಿದ. ಊರಿಗೆ ಸರಿಯಾಗಿ ಹೆಸರೂ ಇರಲಿಲ್ಲ ನೋಡಿ. ಕಟ್ಟೆ ಹತ್ತಿರದವರು, ಅಷ್ಟೇ. ನಮ್ಮ ಕಡೆ ಬಸ್ಸಿನಲ್ಲಿ "ಕಟ್ಟೆ ಹತ್ರ ಇಳಿಸಿ" ಅಂತೀವಲ್ಲ, ಹಾಗೆ.

ಹೀಗೆ ಬಿಡಿಸುತ್ತಾ ಹೋದಾಗ ನನಗೆ ತುಂಬಾ ಹಿಡಿಸಿದ್ದು ಕೋಪ್. ಈ ಪದ ಇಲ್ಲಿ ಬದುಕುವ ಎಲ್ಲರಿಗೂ ಗೊತ್ತು, ಯಾಕೆಂದರೆ ಮಾರಾಟಕ್ಕಿರೋ ಮನೆಯ ಕಿಟಕಿಯಲ್ಲಿ "ಟೆ ಕೋಪ್" ಅಂತ ಬೋರ್ಡು ಹಾಕಿರುತ್ತಾರೆ. ಕೊಳ್ಳಬಹುದು ಅಂತ ಅರ್ಥ. ಬೆಲೆ ಕೇಳಿದ ಮೇಲೆ ನಮಗೆ ಬರೋದೂ ಅದೇ. ಬೋಸ್ಕೋಪ್, ನಿಯುಕೋಪ್, ಬೆನ್‌ಸ್ಖೋಪ್ ಅಂತ ಉಟ್ರೆಕ್ಟ್ ಮತ್ತು ಹಾಲೆಂಡಿನ ನಡುವೆ ಇಂಥ ಊರುಗಳು ಸಾಲಾಗಿವೆ. ಇಲ್ಲಿ ಕೋಪ್ ಅಂದರೆ ಕರಾರು. ಸುಮಾರು ಸಾವಿರ ವರ್ಷದ ಹಿಂದೆ ಇದೆಲ್ಲ ಮನುಷ್ಯರು ಕಾಲಿಡಲಾಗದ ಜೌಗು. ಉಟ್ರೆಕ್ಟಿನ ಬಿಷಪ್ಪು, ಹಾಲೆಂಡಿನ ಕೌಂಟು ಇದನ್ನು ಪಟ್ಟಿ ಪಟ್ಟಿ ಮಾಡಿ ರೈತರಿಗೆ ಕೊಟ್ಟರು. ಒಂದು ಪಟ್ಟಿ ಅಂದರೆ ಸುಮಾರು 1250 ಮೀಟರ್ ಉದ್ದ, 110 ಮೀಟರ್ ಅಗಲ. ನೀನು ಕಾಲುವೆ ತೋಡು, ನೀರು ಬಸಿ, ಉಳು, ವರ್ಷಕ್ಕೆ ಹೆಸರಿಗೆ ಅಂತ ಒಂದಿಷ್ಟು ಕಂದಾಯ ಕೊಡು, ಯಾರ ಜೀತದಾಳೂ ಅಲ್ಲದೆ ಬದುಕು. ಆ ಕಾಲಕ್ಕೆ ಇದು ದೊಡ್ಡ ಮಾತು. ಆ ಕರಾರಿನ ಹೆಸರೇ ಊರಿನ ಹೆಸರಾಯಿತು. ಸ್ಖಿಪೋಲ್‌ನಲ್ಲಿ ವಿಮಾನ ಇಳಿಯುವಾಗ ಕಿಟಕಿ ಸೀಟು ಸಿಕ್ಕರೆ ಕೆಳಗೆ ನೋಡಿ. ಗೆರೆ ಎಳೆದ ನೋಟ್‌ಬುಕ್ಕಿನ ಹಾಗೆ ಉದ್ದುದ್ದ ಹಸಿರು ಪಟ್ಟಿ, ನಡುನಡುವೆ ಮಿಂಚೋ ನೀರಿನ ಗೆರೆ. ಅದು ಆ ಕಾಲದ ಸೈಟ್ ಪ್ಲಾನು, ಇನ್ನೂ ಅಳಿಸಿಲ್ಲ.

ತಮಾಷೆ ಇರೋದು ಮುಂದೆ. ಜೌಗಿಗೆ ಜನ ಸುಮ್ನೆ ಬರುತ್ತಾರಾ? ಆಸೆ ಹುಟ್ಟಿಸಬೇಕು. ಆ ಕಡೆಯ ಊರುಗಳ ಹೆಸರು ನೋಡಿ: ಸ್ಪೆಂಗನ್ ಅಂದರೆ ಸ್ಪೇನ್, ಡೆಮರಿಕ್ ಅಂದರೆ ಡೆನ್ಮಾರ್ಕ್, ಪೋರ್ಟೆಂಗನ್ ಅಂದರೆ ಫ್ರಾನ್ಸಿನ ಬ್ರಿಟಾನಿ, ಕೊಕೆಂಗನ್ ಅಂದರೆ ಕೊಕಾನ್ಯ, ಆ ಕಾಲದ ಯೂರೋಪಿನ ಕಟ್ಟುಕಥೆಗಳಲ್ಲಿ ಬರೋ ಕೆಲಸವೇ ಮಾಡದೆ ಹೊಟ್ಟೆ ತುಂಬೋ ದೇಶ. ಹೀಗಂತ ಇಲ್ಲಿನ ಹೆಸರು ಬಲ್ಲವರು ಹೇಳುತ್ತಾರೆ. ಮಂಡಿಯುದ್ದ ಕೆಸರಿನಲ್ಲಿ ನಿಂತು ಕಾಲುವೆ ತೋಡುವವನ ಊರಿನ ಹೆಸರು ಹಾಲುಜೇನಿನ ನಾಡು! ಬೆಂಗಳೂರಿನಲ್ಲಿ ಕೆರೆಯಂಗಳದಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ ಇಟಲಿಯದೋ ಸ್ಪೇನಿನದೋ ಊರಿನ ಹೆಸರಿಡೋದು ಹೊಸ ಚಾಳಿ ಅಂದುಕೊಂಡಿದ್ದೆ. ಅಲ್ಲ, ರಿಯಲ್ ಎಸ್ಟೇಟಿನವರಿಗೆ ಈ ವಿದ್ಯೆ ಒಂಬೈನೂರು ವರ್ಷದಿಂದ ಗೊತ್ತು.

ಪೂರ್ವದ ಕಡೆ ಹೋದರೆ ನೆಲ ಸ್ವಲ್ಪ ಏರುತ್ತೆ, ಹೆಸರೂ ಬದಲಾಗುತ್ತೆ. ಒಂದು ಸಲ ಬರ್ಲಿನ್ ಟ್ರೇನಿನಲ್ಲಿ ನಿದ್ದೆ ಹತ್ತಿತ್ತು. ಕಣ್ಣು ಬಿಟ್ಟರೆ ಸ್ಪೀಕರಿನಲ್ಲಿ ಯಾರೋ "ಹೆಂಗೆಲೋ" ಅಂತ ಕೇಳುತ್ತಿದ್ದಾರೆ. ಅರೆನಿದ್ದೆಯಲ್ಲಿ "ಚೆನ್ನಾಗಿದೀನಿ, ನೀನ್ ಹೆಂಗಿದೀಯ" ಅನ್ನಬೇಕು, ಅಷ್ಟರಲ್ಲಿ ಸ್ಟೇಷನ್ ಬೋರ್ಡು ಕಂಡಿತು. ಹೆಂಗೆಲೋ ಒಂದು ಊರು. ಪಕ್ಕದಲ್ಲಿ ಆಲ್ಮೆಲೋ, ದಕ್ಷಿಣಕ್ಕೆ ಫೆನ್‌ಲೋ. ಗೆಳೆಯರನ್ನು ಕರೆದ ಹಾಗಿರೋ ಈ "ಲೋ" ಅಂದರೆ ಕಾಡು. ನೆಪೋಲಿಯನ್ ಸೋತ ವಾಟರ್‌ಲೂ ಕೂಡ ಇದೇ ಲೋ, ಈಗ ಬೆಲ್ಜಿಯಮ್ಮಿನಲ್ಲಿದೆ. (ಉತ್ತರದ ಫ್ರೀಸ್‌ಲಾಂಡ್ ಪ್ರಾಂತ್ಯದಲ್ಲಿ "ಏ" ಅಂತಲೇ ಒಂದು ಹಳ್ಳಿಯಿದೆ. ಡಚ್ಚಿನಲ್ಲಿ ಏ, ಅಲ್ಲಿನ ಮಾತಾದ ಫ್ರೀಸಿಯನ್ನಿನಲ್ಲಿ ಈ. ಏ, ಹೆಂಗೆಲೋ! ಎರಡು ಊರು ಸೇರಿಸಿದರೆ ನಮ್ಮ ಬೀದಿಯ ಮಾತು ಪೂರ್ತಿ ಬಂತು.)

ಹಾಲೆಂಡ್ ಅನ್ನೋ ಹೆಸರೂ ಕಾಡಿನದೇ. ಹೊಲ್ಟ್‌ಲಾಂಡ್, ಮರದ ನಾಡು. ಟೊಳ್ಳು ನೆಲ, ತಗ್ಗು ನೆಲ ಅಂತ ಬಹಳ ಜನ ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಈಗ ಆ ಕಡೆ ಮರ ಹುಡುಕಿಕೊಂಡು ಹೋಗಬೇಕು. ಕಡಿದಾಯಿತು, ಸುಟ್ಟಾಯಿತು, ಹಡಗು ಕಟ್ಟಿಯಾಯಿತು. ದಕ್ಷಿಣದ ಊರುಗಳಲ್ಲಿ ಕೊನೆಗೆ ರಾಡೆ, ರೋಡೆ, ರೋಯ್ ಅಂತ ಬಂದರೆ ಕಾಡು ಕಡಿದ ಜಾಗ ಅಂತ ಅರ್ಥ. ಕೆರ್ಕ್‌ರಾಡೆ ಅಂದರೆ ಕಾಡು ಕಡಿದು ಚರ್ಚು ಕಟ್ಟಿದ ಊರು. ಫುಟ್‌ಬಾಲ್ ನೋಡುವವರಿಗೆ ವಾನ್ ನಿಸ್ಟಲ್‌ರೋಯ್ ನೆನಪಿರಬಹುದು. ಆ ಮನೆತನದ ಹೆಸರು ನಿಸ್ಟಲ್‌ರೋಡೆ ಅನ್ನೋ ಊರಿನದು, ಅಂದರೆ ಅವರ ಜೆರ್ಸಿಯ ಬೆನ್ನಿನ ಮೇಲೂ ಒಂದು ಕಡಿದ ಕಾಡಿತ್ತು. ಕಾಡು ಕಡಿದವರು ಕಡಿದೆವು ಅಂತಲೇ ಬರೆದಿಟ್ಟಿದ್ದಾರೆ, ಆ ಮಟ್ಟಿಗೆ ಪ್ರಾಮಾಣಿಕರು.

ಇನ್ನು ಕೆಲವು ಊರಿನ ಹೆಸರು ಅಕ್ಷರದಿಂದಲ್ಲ, ಮೇಲಕ್ಕೇರಿದ ಅಲ್ಪವಿರಾಮದಿಂದ, ಅಂದರೆ ಅಪಾಸ್ಟ್ರಫಿಯಿಂದ ಶುರುವಾಗುತ್ತೆ. ಮೊದಲ ಸಲ ಟ್ರೇನ್ ಆಪಿನಲ್ಲಿ ಹುಡುಕುವಾಗ ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡೆ. ಮೇಲೊಂದು ಚುಕ್ಕೆಯಂಥ ಗುರುತು, ಆಮೇಲೆ ಸಣ್ಣ ಸ್, ಆಮೇಲೆ ಹೆರ್ಟೋಖನ್‌ಬೋಸ್. ಡ್ಯೂಕನ ಕಾಡು ಅಂತ ಅರ್ಥ. ಆ ಸ್ ಅನ್ನೋದು ಡೆಸ್, ಅಂದರೆ ಇಂಗ್ಲಿಷಿನ "ಆಫ್ ದಿ" ಅನ್ನೋ ಅರ್ಥದ ಹಳೆಯ ಪದದ ಬಾಲ. ಡ್ಯೂಕ್ ಹೋದ, ಕಾಡು ಹೋಯಿತು, ಬಾಲ ಮಾತ್ರ ಉಳಿಯಿತು. ಜನಕ್ಕೂ ಇಷ್ಟುದ್ದ ಹೇಳೋಕೆ ಬೇಜಾರು, ಡೆನ್ ಬೋಸ್ ಅಂತಾರೆ, ಕಾಡು ಅಷ್ಟೇ. ನಾನು ಅರಸೀಕೆರೆ ಕಡೆಯವನು. ಅರಸಿ ಕಟ್ಟಿಸಿದ ಕೆರೆ ಇರೋ ಊರಿನವನಿಗೆ ಡ್ಯೂಕನ ಕಾಡು ಪರಕೀಯ ಅನ್ನಿಸೋದಿಲ್ಲ. ಆದರೆ ಝೇಲಾಂಡಿನಲ್ಲಿ ಇದೇ ಸ್ ಇಟ್ಟುಕೊಂಡ ಇನ್ನೊಂದು ಹಳ್ಳಿಯಿದೆ, ಸ್-ಹೇರ್ ಹೆಂಡ್ರಿಕ್ಸ್‌ಕಿಂಡರನ್. ಹೆಂಡ್ರಿಕ್ ಸಾಹೇಬರ ಮಕ್ಕಳು! ಊರಿಗೆ ಊರೇ ಗೌಡರ ಮಕ್ಕಳು. ಅಡ್ರೆಸ್ ಬರೆಯೋಕೆ ಲಕೋಟೆ ಸಾಲಬೇಕಲ್ಲ.

ಉತ್ತರದ ಕರಾವಳಿಯ ವಿಷಯ ಬೇರೆ. ಅಲ್ಲಿನ ಹೆಸರುಗಳು ಡೊಕ್ಕುಮ್, ವೊರ್ಕುಮ್ ಅಂತ "ಉಮ್" ಹಾಕಿಕೊಂಡು ಮುಗಿಯುತ್ತವೆ. ಅದು ಮನೆ ಅನ್ನೋ ಅರ್ಥದ ಹೇಮ್ ಸವೆದು ಆಗಿದ್ದು. ಇಲ್ಲವೇ ಹೆಸರಿನಲ್ಲಿ ಟೆರ್ಪ್ ಇರುತ್ತೆ, ಅಂದರೆ ದಿಬ್ಬ. ಏರಿಗಳೇ ಇಲ್ಲದ ಕಾಲದಲ್ಲಿ ಜನ ಮಣ್ಣು, ಸಗಣಿ, ಕಸ ಎಲ್ಲ ಪೇರಿಸಿ ದಿಬ್ಬ ಮಾಡಿಕೊಂಡು ಅದರ ಮೇಲೆ ಇರುತ್ತಿದ್ದರು. ಒಂದನೇ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಉತ್ತರ ಸಮುದ್ರದ ಈ ಕರಾವಳಿ ನೋಡಿ ಬರೆದಿದ್ದಾನೆ. ದಿನಕ್ಕೆ ಎರಡು ಸಲ ಸಮುದ್ರ ನುಗ್ಗುತ್ತೆ. ನೀರು ಏರಿದಾಗ ಇವರು ಹಡಗಿನ ಮೇಲಿದ್ದ ಹಾಗೆ, ಇಳಿದಾಗ ಹಡಗು ಒಡೆದುಕೊಂಡವರ ಹಾಗೆ ಕಾಣುತ್ತಾರೆ. ಪಾಪ, ಮಣ್ಣನ್ನು ಕೈಯಲ್ಲಿ ಬಗೆದು ಒಣಗಿಸಿ ಸುಟ್ಟು ಚಳಿ ಕಾಯಿಸಿಕೊಳ್ಳುತ್ತಾರೆ ಅಂತ ಅವನ ಕನಿಕರ. ಆ ಸುಡೋ ಮಣ್ಣಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ದಿಬ್ಬಗಳಲ್ಲೆಲ್ಲ ಎತ್ತರದ್ದು ಹೆಗೆಬೇಂಟಮ್. ನೋಡಿಕೊಂಡು ಬಂದಿದ್ದೇನೆ. ಎತ್ತರ ಅಂದರೆ ಎಷ್ಟು ಅಂದುಕೊಂಡಿರಿ, 9 ಮೀಟರಿಗೂ ಒಂದು ಗೇಣು ಕಮ್ಮಿ. ನಮ್ಮೂರಿನ ಕೆರೆ ಏರಿ ಹತ್ತಿದಷ್ಟೂ ಆಯಾಸ ಆಗಲಿಲ್ಲ. ಆದರೆ ಮೇಲೆ ನಿಂತರೆ ಸುತ್ತ ನೆಲ ತಟ್ಟೆಯ ಹಾಗೆ ಚಪ್ಪಟೆ, ಗಾಳಿ ತಡೆಯೋಕೆ ಏನೂ ಇಲ್ಲ, ಟೋಪಿ ಹಿಡಿದುಕೊಂಡೇ ನಿಲ್ಲಬೇಕು. ತುದಿಯಲ್ಲೊಂದು ಹಳೆಯ ಚರ್ಚು. ಅದರ ಪಕ್ಕದಲ್ಲೇ ದಿಬ್ಬ ಕತ್ತರಿಸಿದ ಕೇಕಿನ ಹಾಗೆ ಕಡಿದಾಗಿ ಇಳಿಯುತ್ತೆ. ಏನಾಯಿತೆಂದರೆ, ಏರಿ ಕಟ್ಟಿದ ಮೇಲೆ ದಿಬ್ಬದ ಕೆಲಸ ಮುಗಿಯಿತು. ಶತಮಾನಗಳ ಸಗಣಿ ಗೊಬ್ಬರ ಒಳಗಿತ್ತಲ್ಲ, 19ನೇ, 20ನೇ ಶತಮಾನಗಳಲ್ಲಿ ಅದನ್ನೇ ಅಗೆದು ದೋಣಿಗೆ ತುಂಬಿ ಗೊಬ್ಬರವಾಗಿ ಮಾರಿದರು. ಅಜ್ಜಂದಿರು ಬುಟ್ಟಿ ಬುಟ್ಟಿ ಹೊತ್ತು ಪೇರಿಸಿದ ಊರನ್ನು ಮೊಮ್ಮಕ್ಕಳು ಲೋಡು ಲೆಕ್ಕದಲ್ಲಿ ಮಾರಿದರು. ಚರ್ಚು ಇದ್ದ ಕಡೆ ಮಾತ್ರ ಕೈ ಹಾಕಲಿಲ್ಲ.

ಕೆರೆ ತಳದಲ್ಲೂ ಊರುಗಳಿವೆ. ಹಾರ್ಲೆಮರ್‌ಮೇರ್ ಅನ್ನೋ ದೊಡ್ಡ ಸರೋವರವನ್ನು 1849ರಿಂದ 1852ರವರೆಗೆ ಮೂರು ಉಗಿ ಪಂಪುಗಳು ಹೀರಿ ಖಾಲಿ ಮಾಡಿದವು. ನಾವು ಬಂದಿಳಿಯೋ ವಿಮಾನ ನಿಲ್ದಾಣ ಆ ತಳದಲ್ಲೇ ಇದೆ. ಅಲ್ಲಿ ಅಜ್ಜಿಕಥೆ ಇಲ್ಲ, ದೇವರಿಲ್ಲ, ದಿಬ್ಬ ಇಲ್ಲ, ಹೆಸರಿಡೋಕೆ ಏನೂ ಸಿಗಲಿಲ್ಲ. ದಾರಿಗಳು ಕೂಡೋ ಕಡೆ ಒಂದು ಹಳ್ಳಿ ಆಯಿತು, ಕ್ರೌಸ್‌ಡೊರ್ಪ್ ಅಂದರು, ಅಡ್ಡರಸ್ತೆ ಹಳ್ಳಿ. ಸ್ವಲ್ಪ ಬೆಳೆದ ಮೇಲೆ ಹೋಫ್ಡ್‌ಡೊರ್ಪ್ ಅಂತ ಬದಲಾಯಿಸಿದರು, ಮುಖ್ಯ ಹಳ್ಳಿ. ನಮ್ಮವರು ಬೇಕಾದಷ್ಟು ಜನ ಈಗ ಅಲ್ಲಿದ್ದಾರೆ. ಇನ್ನೊಂದು ಹಳ್ಳಿಗೆ ಪಂಪಿನ ಹೆಸರನ್ನೇ ಇಟ್ಟುಬಿಟ್ಟರು, ಕ್ರುಕಿಯಸ್. ಆಮ್‌ಸ್ಟರ್‌ಡ್ಯಾಮಿನಿಂದ ಹಾರ್ಲೆಮಿಗೆ ಹೋಗುವಾಗ ಅರ್ಧದಾರಿಯಲ್ಲಿ ಸಿಗೋ ಊರಿನ ಹೆಸರು ಹಾಲ್ಫ್‌ವೆಖ್, ಅರ್ಧದಾರಿ. ಸದ್ಯ, ಇವರು ಮಕ್ಕಳಿಗೆ ಹೀಗೆ ಹೆಸರಿಡೋದಿಲ್ಲ.

ಎಲ್ಲ ಹೆಸರನ್ನೂ ಹೀಗೆ ಕಣ್ಣುಮುಚ್ಚಿ ನಂಬಿದರೆ ಏಟು ಬೀಳುತ್ತೆ, ಪ್ಯಾಂಟಿನ ಪಾಠ ಮರೆಯಬಾರದು. ಖ್ರೋನಿಂಗನ್ ಪ್ರಾಂತ್ಯದಲ್ಲಿ ಡೋಟ್‌ಸ್ಟಿಲ್ ಅಂತ ಹಳ್ಳಿಯಿದೆ. ಇವತ್ತಿನ ಡಚ್ಚಿನಲ್ಲಿ ಓದಿದರೆ ಸ್ಮಶಾನಮೌನ. ಬೋರ್ಡಿನ ಮುಂದೆ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜವಾಗಿ ಅದು ಡೋಡೆ ಅನ್ನೋ ಯಾರೋ ಒಬ್ಬನ ಸೇತುವೆ. ಅಲ್ಲಿನ ಮಾತಿನಲ್ಲಿ ಟಿಲ್ ಅಂದರೆ ಸೇತುವೆ. ಮೊಡರ್‌ಗಟ್ ಅನ್ನೋ ಹೆಸರಿಗೆ ಮಾತ್ರ ಎರಡನೇ ಅರ್ಥ ಇಲ್ಲ, ಕೆಸರುಗುಂಡಿ. ನಗುತ್ತಲೇ ಅಲ್ಲಿಗೆ ಹೋಗಿದ್ದೆ. ಸಮುದ್ರದ ಏರಿಯ ಮೇಲೆ ಒಂದು ಸ್ಮಾರಕವಿದೆ. 1883ರ ಮಾರ್ಚಿನ ಒಂದು ಬಿರುಗಾಳಿಯಲ್ಲಿ ಊರಿನ 22 ಮೀನುದೋಣಿಗಳಲ್ಲಿ 17 ಮುಳುಗಿದವು, 83 ಗಂಡಸರು ಹೋದರು. ವಾಪಸ್ ಬರುವಾಗ ಹೆಸರಿನ ಬಗ್ಗೆ ತಮಾಷೆ ಮಾಡೋಕೆ ಬಾಯಿ ಬರಲಿಲ್ಲ.

ಇಷ್ಟೆಲ್ಲ ಊರು ಸುತ್ತಿದವನು ನನ್ನ ಊರಿನ ಹೆಸರು ನೋಡಿರಲಿಲ್ಲ. ಅದು ಕೇಳಿದ್ದು ಅಮ್ಮ, ಫೋನಿನಲ್ಲಿ. "ಎಲ್ಲಾ ಊರಿನ ಪುರಾಣ ಹೇಳ್ತೀಯಲ್ಲೋ, ನೀನಿರೋ ಊರಿನ ಹೆಸರಿಗೆ ಏನರ್ಥ?"

ನಾನಿರೋದು ಆಮ್‌ಸ್ಟೆಲ್‌ವೇನ್. ನಮ್ಮವರೆಲ್ಲ ಇಂಗ್ಲಿಷಿನ ಹಾಗೆ ಓದಿ ವೀನ್, ವೀನ್ ಅಂತಾರೆ, ಅದು ವೇನ್. 1964ರವರೆಗೂ ಮುನಿಸಿಪಾಲಿಟಿಗೆ ಬೇರೆಯೇ ಹೆಸರಿತ್ತು, ಆಮೇಲೆ ಇದಾಯಿತು. ವೇನ್ ಅಂದರೆ ಪೀಟ್. ನರ್ಸರಿಯಲ್ಲಿ ಕೋಕೋಪೀಟ್ ಮಾರುತ್ತಾರಲ್ಲ, ಅದಲ್ಲ, ಅದರ ಅಸಲಿ ಅಣ್ಣ: ಸಾವಿರಾರು ವರ್ಷ ನೀರಿನಲ್ಲಿ ನೆನೆದರೂ ಪೂರ್ತಿ ಕೊಳೆಯದ ಪಾಚಿ, ಜೊಂಡು, ಬೇರುಗಳ ಕಪ್ಪು ಮಣ್ಣು. ಪ್ಲಿನಿ ಕಂಡಿದ್ದ ಸುಡೋ ಮಣ್ಣು ಇದೇ. ಇಲ್ಲಿನವರು ಇದನ್ನು ಬಗೆದು, ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ ಶತಮಾನಗಟ್ಟಲೆ ಆಮ್‌ಸ್ಟರ್‌ಡ್ಯಾಮಿನ ಒಲೆಗಳಿಗೆ ಮಾರಿದರು. ಬಗೆದ ಕಡೆಯೆಲ್ಲ ನೀರು ನಿಂತು ಕೆರೆಯಾಯಿತು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಅಂಥದ್ದೊಂದು ಕೆರೆ, ಪೂಲ್, ಸಿಗುತ್ತೆ, ಅದರ ಪಕ್ಕ ಆಮ್‌ಸ್ಟರ್‌ಡಾಮ್ಸೆ ಬೋಸ್. ಬೋಸ್ ಅಂದರೆ ಕಾಡು, ಡ್ಯೂಕನ ಹೆಸರಿನಲ್ಲಿ ಕಳೆದುಹೋದ ಅದೇ ಬೋಸ್. ಇದು ಮಾತ್ರ ಉಲ್ಟಾ. ಇಲ್ಲಿ ಕಾಡು ಇರಲೇ ಇಲ್ಲ. 1934ರಿಂದ ಕೆಲಸವಿಲ್ಲದ ಜನರಿಗೆ ಕೂಲಿ ಕೊಟ್ಟು ಕಾಡು ನೆಡಿಸಿದರು.

ಅಮ್ಮನಿಗೆ ಇಷ್ಟೆಲ್ಲ ಹೇಳೋಕಾಗುತ್ತಾ? "ಆಮ್‌ಸ್ಟೆಲ್ ಹೊಳೆ ಪಕ್ಕದ ಜೌಗು ಅಂತ ಅರ್ಥ ಅಮ್ಮ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಷ್ಟು ದೂರ ಹೋಗಿ, ಅಷ್ಟು ಸಾಲ ಮಾಡಿ, ಜೌಗಿನಲ್ಲಿ ಮನೆ ತಗೊಂಡಿದೀಯೇನೋ? ಇಲ್ಲೇ ಕೆರೆ ಹಿಂದಿನ ಸೈಟು ಕೊಡ್ತೀನಿ ಅಂತ ನಿಮ್ಮ ಮಾವ ಅಂದಾಗ ಅದು ಜೌಗು, ಬೇಡ ಅಂದೋನು ನೀನೇ ಅಲ್ವಾ?"

"ಅದೆಲ್ಲ ಹಳೇ ಕಾಲದ ಹೆಸರಮ್ಮ. ಕಾಡಿನ ಹೆಸರಿನ ಊರಲ್ಲಿ ಕಾಡಿಲ್ಲ, ಜೌಗಿನ ಹೆಸರಿನ ಊರಲ್ಲಿ ಜೌಗಿಲ್ಲ. ಹೆಸರು ಮಾತ್ರ ಉಳಿದಿದೆ" ಅಂತ ಸಮಾಧಾನ ಮಾಡಿದೆ. ನಾನೂ ಅದನ್ನೇ ನಂಬಿದ್ದೆ.

ಮನೆ ತಗೊಂಡು ಐದನೇ ವರ್ಷ ಇದು. ಹಿತ್ತಲ ಬಾಗಿಲಿನ ಹೊರಗೆ ಕಲ್ಲು ಹಾಸಿದ ಜಾಗವಿದೆ, ಬಿಸಿಲು ಬಂದ ದಿನ ಅಲ್ಲಿ ಕುರ್ಚಿ ಹಾಕಿಕೊಳ್ಳುತ್ತೇವೆ. ಬಂದ ಹೊಸದರಲ್ಲಿ ಹೊಸ್ತಿಲಿನಿಂದ ಕಲ್ಲಿಗೆ ಒಂದು ಮೆಟ್ಟಿಲಿನಷ್ಟು ಇಳಿಜಾರು. ಈ ವಸಂತದಲ್ಲಿ ಕಾಫಿ ಹಿಡಿದುಕೊಂಡು ಹೊರಗೆ ಕಾಲಿಟ್ಟ ಹೆಂಡತಿ ಆಯ ತಪ್ಪಿ ಮುಗ್ಗರಿಸಿದಳು. ಕಾಫಿಯೆಲ್ಲ ಚೆಲ್ಲಿತು. ಟೇಪ್ ತಂದು ಅಳೆದರೆ ಒಂದು ಗೇಣಿಗೂ ಜಾಸ್ತಿ ಇಳಿದಿದೆ. ಗೋಡೆಯ ಬುಡದಲ್ಲಿ ಬಣ್ಣ ಹೊಡೆಯದ ಹಳೆಯ ಇಟ್ಟಿಗೆಯ ಸಾಲೊಂದು ಹೊಸದಾಗಿ ಕಾಣುತ್ತಿದೆ. ಮನೆ ವಾಲಿದೆಯಾ ಅಂತ ಗಾಬರಿಯಾಗಿ ಬೇಲಿಯಾಚೆಯ ಅಜ್ಜನನ್ನು ಕರೆದೆ. ಎಂಬತ್ತರ ಹತ್ತಿರದವರು, ಹುಟ್ಟಿದ್ದೂ ಇದೇ ಊರಿನಲ್ಲಿ. ಬಂದರು. ಗೋಡೆ ನೋಡಲಿಲ್ಲ, ಬಿರುಕು ಹುಡುಕಲಿಲ್ಲ. ಮನೆ ಆಳದ ಕಂಬಗಳ ಮೇಲೆ ನಿಂತಿದೆ, ಅದು ಎಲ್ಲಿಗೂ ಹೋಗಲ್ಲ, ಹೋಗ್ತಿರೋದು ತೋಟ ಅಂದರು. ಒಂದು ಬಿಗ್‌ಬ್ಯಾಗ್ ಮರಳು ತರಿಸು, ಕಲ್ಲು ಎತ್ತಿ, ಮರಳು ಹಾಕಿ, ಮತ್ತೆ ಜೋಡಿಸು. ಅವರು ಇದುವರೆಗೆ ನಾಲ್ಕು ಸಲ ಮಾಡಿದ್ದಾರಂತೆ.

"ಆದರೆ ಯಾಕೆ ಇಳಿಯುತ್ತೆ?" ಅಂತ ಕೇಳಿದೆ ನನ್ನ ಹರಕು ಡಚ್ಚಿನಲ್ಲಿ.

ಅಜ್ಜ ಶೂ ತುದಿಯಿಂದ ಒಂದು ಕಲ್ಲನ್ನು ಅದುಮಿ ನೋಡಿದರು, ಅದು ಪಿಚಕ್ ಅಂತು. ಇದೂ ಹೇಳಬೇಕಾ ಅನ್ನೋ ಹಾಗೆ ನನ್ನ ಮುಖ ನೋಡಿದರು.

"ವೇನ್, ಹೆ?" ಅಂದರು.